ಮೊರೇರ ಬೆಟ್ಟದ ಕಲ್ಮನೆಗಳು

ಗಂಗಾವತಿ ಎಂದೊಡನೆ ಭತ್ತದ ಗದ್ದೆಗಳು ಕಣ್ಣ ಮುಂದೆ ಬರುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಈ ಸೀಮೆಯ ಬಣ್ಣವೇ ಬದಲಾಯಿತು. ಆದರೆ ಗದ್ದೆಯ ಬದುವಿನ ಮೇಲೆ ನಿಂತು ತಲೆ ಎತ್ತಿ ನೋಡಿದರೆ ಕಾಣುವುದು ಅಂದಿನಂತೆಯೇ ಇರುವ ಬೋಳು ಬಂಡೆಗಳ ಬೆಟ್ಟಸಾಲು. ಊರಿನಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಹಿರೇಬೆಣಕಲ್ ಎಂಬ ಹಳ್ಳಿ ಇದೆ. ಕೊಪ್ಪಳ ಜಿಲ್ಲೆಯ ಈ ಹಳ್ಳಿಯ ಹತ್ತಿರದ ಬೆಟ್ಟವನ್ನು ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಬೆವರು ಸುರಿಸುತ್ತಾ ಹತ್ತಬೇಕು. ದಾರಿಯ ಬದಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳು ಅಲ್ಲಲ್ಲಿ ಕಾಣಸಿಗುತ್ತವೆ. ಮೇಲೆ ತಲುಪಿದಾಗ ಎದುರಾಗುವ ನೋಟ ಮಾತ್ರ ಯಾರನ್ನಾದರೂ ಒಂದು ಗಳಿಗೆ ನಿಲ್ಲಿಸಿಬಿಡುತ್ತದೆ.

ಅಲ್ಲಿ ಒಂದು ಊರೇ ಇದೆ! ಬೀದಿಯಲ್ಲಿ ಮನೆಗಳು ನಿಂತಂತೆ ಕಲ್ಲುಚಪ್ಪಡಿಯ ಮನೆಗಳು ನಿಂತಿವೆ. ಮೂರು ಅಥವಾ ನಾಲ್ಕು ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮಾಡಿನಂತೆ ಹೊದಿಸಿದ್ದಾರೆ. ಗಾರೆ ಇಲ್ಲ, ಮೊಳೆ ಇಲ್ಲ. ಕೆಲವು ಹತ್ತು ಅಡಿಯಷ್ಟು ಎತ್ತರ, ಕೆಲವು ಮೊಣಕಾಲೆತ್ತರ. ಅನೇಕ ಮನೆಗಳ ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಇಡೀ ಬೆಟ್ಟದಲ್ಲಿ ಇಂಥ ಸಣ್ಣ ದೊಡ್ಡ ರಚನೆಗಳು 400ರಷ್ಟಿವೆ. ಆದರೆ ಈ ಊರಿನಲ್ಲಿ ಯಾರೂ ಎಂದೂ ವಾಸಿಸಿರಲಿಲ್ಲ. ಇದು ಸತ್ತವರಿಗಾಗಿ ಬದುಕಿದ್ದವರು ಕಟ್ಟಿದ ಊರು.

ಎತ್ತರದ ಒಂದು ಬಂಡೆಯ ತುದಿಯಲ್ಲಿ ಅರ್ಧಗೋಳದಂತಹ ಗುಂಡೊಂದು ಕುಳಿತಿದೆ. ಇದನ್ನು ಕಟ್ಟಿಗೆಯ ಸುತ್ತಿಗೆಯಿಂದ ಬಡಿದರೆ ನಗಾರಿಯಂತೆ ಮೊಳಗುತ್ತದೆ. ಸದ್ದು ಒಂದು ಕಿಲೋಮೀಟರಿನಷ್ಟು ದೂರಕ್ಕೆ ಕೇಳಿಸುತ್ತದೆ ಎನ್ನುತ್ತಾರೆ. ಗುಂಡಿನ ತಳ ಕೆಲವೇ ಕಡೆ ಆಧಾರಕ್ಕೆ ತಾಗಿಕೊಂಡಿರುವಾಗ ಕಲ್ಲು ಬಿಡುಬೀಸಾಗಿ ಕಂಪಿಸುತ್ತದೆ. ದೇವಸ್ಥಾನದ ಗಂಟೆ ನೇತಾಡುತ್ತಿದ್ದರೆ ನಾದ, ಅಂಗೈಯಲ್ಲಿ ಹಿಡಿದರೆ ಬರೀ ಟಕ್ ಎಂಬ ಸದ್ದು ತಾನೆ? ಇಲ್ಲಿಯೂ ಅದೇ ತತ್ವ. ಸಾವಿನ ಸುದ್ದಿ ಸಾರಲು ಇದನ್ನು ಬಡಿಯುತ್ತಿದ್ದರೋ, ಸಂಸ್ಕಾರದ ವೇಳೆಯಲ್ಲಿ ಬಡಿಯುತ್ತಿದ್ದರೋ ಹೇಳುವವರಿಲ್ಲ.

ಬೆಟ್ಟಕ್ಕೆ ಜನ ಇಟ್ಟ ಹೆಸರು ಮೊರೇರ ಬೆಟ್ಟ, ಮೋರ್ಯರ ಗುಡ್ಡ. ಮೊರೇರು ಗೇಣುದ್ದದ ಕುಳ್ಳರಂತೆ, ಆದರೆ ಮಹಾಬಲಶಾಲಿಗಳಂತೆ. ಒಂದು ದಿನ ಬೆಂಕಿಯ ಮಳೆ ಸುರಿಯುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರಂತೆ. ಆದರೂ ಉಳಿಯಲಿಲ್ಲವಂತೆ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಈ ಕತೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಕೇಳಸಿಗುತ್ತದೆ. ಕೊಡಗಿಗೆ ಹೋದರೆ ಇಂಥವೇ ಕಲ್ಮನೆಗಳು ಪಾಂಡವರ ಹೆಸರಿಗೆ ಸೇರಿಹೋಗಿವೆ. ಕಟ್ಟಿದವರು ಯಾರೆಂದು ತಿಳಿಯದಿದ್ದರೆ ಪಾಂಡವರ ಲೆಕ್ಕಕ್ಕೆ ಹಾಕುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಮೊರೇರು ಎಂಬ ಹೆಸರನ್ನು ಅಶೋಕನ ಮೌರ್ಯ ವಂಶದ ಜೊತೆ ಗಂಟು ಹಾಕುವವರೂ ಇದ್ದಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದು ಈ ಊಹೆಗೆ ಇಂಬು ಕೊಟ್ಟಿರಬಹುದು. ಆದರೆ ಅಶೋಕನ ಲಿಪಿಕಾರ ಉಳಿ ಹಿಡಿದು ಈ ಸೀಮೆಗೆ ಬರುವ ಹೊತ್ತಿಗೆ ಇಂಥ ಗೋರಿಗಳನ್ನು ಕಟ್ಟುವ ಪದ್ಧತಿಗೆ ನೂರಾರು ವರ್ಷಗಳೇ ಆಗಿದ್ದವು. ಹಿರೇಬೆಣಕಲ್ಲಿನ ರಚನೆಗಳ ಕಾಲವನ್ನು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಇಡುತ್ತಾರೆ.

ಕುಳ್ಳರ ಕತೆ ಹುಟ್ಟಿದ್ದು ಹೇಗೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಬಾಗಿಲಿನ ಜಾಗದಲ್ಲಿ ಒಂದೂವರೆ ಎರಡು ಅಡಿಯ ಕಿಂಡಿ ಇದ್ದರೆ ಅದರಲ್ಲಿ ನುಸುಳುವವರು ಗೇಣುದ್ದದವರೇ ಇರಬೇಕಲ್ಲವೆ? ಆದರೆ ಇಂಥ ಗೋರಿಗಳನ್ನು ಅಗೆದಾಗ ಸಿಕ್ಕ ಎಲುಬುಗಳು ನಮ್ಮ ನಿಮ್ಮಂಥವರವೇ. ಆ ಕಿಂಡಿ ಜೀವಂತ ಮನುಷ್ಯರು ಓಡಾಡಲು ಇಟ್ಟದ್ದಲ್ಲ. ಅನೇಕ ಕಡೆ ಶವವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಎಲುಬುಗಳನ್ನು ಆಯ್ದು ತಂದು ಗೋರಿಯೊಳಗೆ ಇಡುತ್ತಿದ್ದರು. ಒಂದೇ ಕೋಣೆಯಲ್ಲಿ ಹಲವರ ಎಲುಬುಗಳು ಸಿಕ್ಕಿರುವುದೂ ಉಂಟು. ಕುಟುಂಬದ ಇನ್ನೊಬ್ಬರು ತೀರಿಕೊಂಡಾಗ ಮಾಡು ತೆಗೆಯದೆಯೇ ಕಿಂಡಿಯಿಂದ ಒಳಗಿಡಲು ಸಾಧ್ಯವಾಗುತ್ತಿತ್ತು.

ಕಲ್ಲು ಸೀಳಿದ ಬಗೆ

ಬೃಹತ್ ಶಿಲಾಯುಗದವರು ಎಂದು ಪಠ್ಯಪುಸ್ತಕಗಳು ಇವರನ್ನು ಕರೆಯುತ್ತವೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಗೋರಿಗೆ ಬಳಸಿದ್ದು ಕಲ್ಲಾದರೂ ಅವರ ಕೈಯಲ್ಲಿ ಇದ್ದದ್ದು ಕಬ್ಬಿಣ. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಹಬ್ಬಿದ ಕಾಲವೇ ಇದು.

ಆದರೂ ಇಷ್ಟು ದೊಡ್ಡ ಚಪ್ಪಡಿಗಳನ್ನು ಎಬ್ಬಿಸಿದ್ದು ಹೇಗೆ? ಉತ್ತರದ ಅರ್ಧ ಭಾಗ ಬಂಡೆಯಲ್ಲೇ ಇದೆ. ಇಲ್ಲಿಯದು ಗ್ರಾನೈಟ್ ಜಾತಿಯ ಕಲ್ಲು. ಭೂಮಿಯ ಆಳದಲ್ಲಿ ಭಾರೀ ಒತ್ತಡದಲ್ಲಿ ಹೆಪ್ಪುಗಟ್ಟಿದ್ದು. ಕೋಟ್ಯಂತರ ವರ್ಷಗಳಲ್ಲಿ ಮೇಲಿನ ಮಣ್ಣುಕಲ್ಲು ಸವೆದುಹೋದಾಗ ಒತ್ತಡ ತಗ್ಗಿ ಬಂಡೆ ಹಿಗ್ಗುತ್ತದೆ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಈರುಳ್ಳಿಯ ಪದರಗಳಂತೆ ಬಂಡೆ ತಾನಾಗಿಯೇ ಪದರ ಪದರವಾಗಿ ಎದ್ದಿರುವುದನ್ನು ಹಂಪಿ, ಆನೆಗೊಂದಿಯ ಸುತ್ತ ಯಾರು ಬೇಕಾದರೂ ನೋಡಬಹುದು. ಪ್ರಕೃತಿ ಅರ್ಧ ಎಬ್ಬಿಸಿದ ಪದರವನ್ನು ಪೂರ್ತಿ ಬಿಡಿಸುವುದಷ್ಟೇ ಮನುಷ್ಯನ ಕೆಲಸ. ಇದಕ್ಕೆ ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸುವುದು ಹಳೆಯ ಉಪಾಯ. ಗ್ರಾನೈಟಿನೊಳಗಿನ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳು ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗಿದಾಗ ಕಲ್ಲು ಒಳಗೊಳಗೇ ಸಡಿಲಾಗುತ್ತದೆ. ಕಾಲುಶತಮಾನದ ಹಿಂದಿನವರೆಗೂ ನಮ್ಮ ಹಳ್ಳಿಗಳಲ್ಲಿ ಕಲ್ಲು ಒಡೆಯುವವರು ಮೇಲುಪದರ ಎಬ್ಬಿಸಲು ಸೌದೆ ಉರಿಸುತ್ತಿದ್ದುದನ್ನು ಹಿರಿಯರು ನೋಡಿಯೇ ಇರುತ್ತಾರೆ.

ಸಾಗಿಸುವುದು ಇನ್ನೊಂದು ಲೆಕ್ಕ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪದ ಒಂದು ಚಪ್ಪಡಿ ಎಂದಿಟ್ಟುಕೊಳ್ಳೋಣ. ಅದರ ಗಾತ್ರ 0.6 ಘನ ಮೀಟರ್. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಅಂದರೆ ಒಂದೇ ಚಪ್ಪಡಿ ಒಂದೂವರೆ ಟನ್ನಿಗೂ ಹೆಚ್ಚು. ನಾಲ್ಕು ಚಪ್ಪಡಿಯ ಒಂದು ಮನೆಗೆ ಆರೂವರೆ ಟನ್. ಹಗ್ಗ, ಮರದ ದಿಮ್ಮಿ, ಮೀಟುಗೋಲು ಮತ್ತು ಹತ್ತಾರು ಜನರ ತೋಳುಗಳು ಬಿಟ್ಟರೆ ಬೇರೆ ಯಂತ್ರವಿಲ್ಲ. ಆರ್ಕಿಮಿಡೀಸ್ ಸನ್ನೆಯ ನಿಯಮ ಬರೆದಿಟ್ಟದ್ದು ಕ್ರಿ.ಪೂ. 3ನೇ ಶತಮಾನದಲ್ಲಿ. ಅಕ್ಷರವಿಲ್ಲದ ಈ ಜನ ಸನ್ನೆಯನ್ನು ಕೈಯಿಂದಲೇ ಕಲಿತಿದ್ದರು. ಕಲ್ಲು ತೆಗೆದ ಜಾಗದ ತಗ್ಗಿನಲ್ಲಿ ಮಳೆನೀರು ನಿಂತು ಬೆಟ್ಟದ ಮೇಲೊಂದು ಕೊಳವೂ ಆಗಿದೆ.

ಜೇವರ್ಗಿಯ ಕಲ್ಗುಪ್ಪೆಗಳು

ಎಲ್ಲ ಗೋರಿಗಳೂ ಹಿರೇಬೆಣಕಲ್ಲಿನಂತೆ ಎದ್ದು ಕಾಣುವುದಿಲ್ಲ. ಹೆಚ್ಚಿನವು ನೆಲದೊಳಗೆ ಹುದುಗಿವೆ. ಹೊರಗೆ ಕಾಣುವುದು ಕಲ್ಲುಗಳ ಒಂದು ಗುಪ್ಪೆ, ಅದರ ಸುತ್ತ ದುಂಡಗೆ ಇಟ್ಟ ಗುಂಡುಗಳು, ಅಷ್ಟೇ. ಹೊಲದಲ್ಲಿ ಕಲ್ಲು ಆಯ್ದು ರಾಶಿ ಹಾಕಿದ್ದಾರೇನೋ ಎನ್ನಿಸುತ್ತದೆ. ಇವುಗಳೊಳಗೆ ಏನಿದೆ ಎಂದು ಕರ್ನಾಟಕದಲ್ಲಿ ಮೊದಲು ಶ್ರದ್ಧೆಯಿಂದ ನೋಡಿದವನು ಒಬ್ಬ ಕಾದಂಬರಿಕಾರ.

ಫಿಲಿಪ್ ಮೆಡೋಸ್ ಟೇಲರ್ ಹದಿಹರೆಯದಲ್ಲೇ ಹಡಗು ಹತ್ತಿ ಭಾರತಕ್ಕೆ ಬಂದವನು. ನಿಜಾಮನ ಸೈನ್ಯದಲ್ಲಿ ಕೆಲಸ. ಥಗ್ಗರ ಬಗ್ಗೆ 1839ರಲ್ಲಿ ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದ. 1841ರಲ್ಲಿ ಸುರಪುರಕ್ಕೆ ಬಂದು ಅಲ್ಲಿಯ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ. ರಾಜಕುಮಾರ ಇವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಸುರಪುರದಲ್ಲಿ ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಇದೆ. ಸರ್ವೆ, ಕೆರೆ, ರಸ್ತೆ, ಚಿತ್ರ ಬರೆಯುವುದು ಎಲ್ಲದರಲ್ಲೂ ಕೈಯಾಡಿಸುತ್ತಿದ್ದ ಈತ ಸುತ್ತಣ ಹೊಲಗಳಲ್ಲಿದ್ದ ಕಲ್ಗುಪ್ಪೆಗಳನ್ನು ಕಂಡು ಕುತೂಹಲಗೊಂಡ. ಬ್ರಿಟನ್ನಿನ ಬಯಲುಗಳಲ್ಲಿರುವ ಪ್ರಾಚೀನ ಗೋರಿಗಳಂತೆಯೇ ಇವು ಇದ್ದವು!

ಜೇವರ್ಗಿಯ ಬಳಿ ಅವನು ಕೆಲವು ಗುಪ್ಪೆಗಳನ್ನು ಅಗೆಸಿದ. ಕೆಳಗೆ ಅಸ್ಥಿಪಂಜರಗಳು, ಮಡಕೆಗಳು ಸಿಕ್ಕವು. ಕೆಲವು ಪಂಜರಗಳಲ್ಲಿ ತಲೆ ಬೇರೆಯಾಗಿ ಇತ್ತು. ಇದು ನರಬಲಿಯೇ ಇರಬೇಕೆಂದು ಟೇಲರ್ ಊಹಿಸಿದ. ಕಟ್ಟಿದವರು ಯುರೋಪಿನ ಕೆಲ್ಟರ ಅಥವಾ ಮಧ್ಯ ಏಷ್ಯಾದ ಸಿಥಿಯನ್ನರ ಸಂಬಂಧಿಗಳೆಂದೂ ಬರೆದ. ಆ ಊಹೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ದೂರದ ಎರಡು ಜನಾಂಗಗಳು ಒಂದನ್ನೊಂದು ನೋಡದೆಯೇ ಒಂದೇ ಬಗೆಯ ಗೋರಿ ಕಟ್ಟುವುದು ಸಾಧ್ಯ. ಸತ್ತವರ ಮೇಲೆ ಕಲ್ಲು ಪೇರಿಸಬೇಕೆಂದು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ.

ಆದರೆ ಟೇಲರನ ಒಂದು ಕೆಲಸ ಮಾತ್ರ ಇಂದಿಗೂ ನಿಂತಿದೆ. ಅಗೆಯುವಾಗ ಯಾವ ಪದರದಲ್ಲಿ ಏನು ಸಿಕ್ಕಿತು ಎಂಬುದನ್ನು ಗುಪ್ಪೆಯನ್ನು ಮಧ್ಯಕ್ಕೆ ಸೀಳಿದಂತೆ ಚಿತ್ರ ಬರೆದು ತೋರಿಸಿದ. ಮೇಲೆ ಕಲ್ಲು, ಕೆಳಗೆ ಮಣ್ಣು, ಅದರಡಿ ಚಪ್ಪಡಿ, ಅದರಡಿ ಎಲುಬು. ಯುರೋಪಿನಲ್ಲೂ ಬಹುತೇಕರು ಆಗ ಗೋರಿ ಅಗೆಯುತ್ತಿದ್ದದ್ದು ಒಳ್ಳೆಯ ವಸ್ತು ಸಿಕ್ಕರೆ ಕಪಾಟಿನಲ್ಲಿಡಲು. ನೂರು ವರ್ಷಗಳ ನಂತರ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮನಸಾರೆ ಮೆಚ್ಚಿ ಬರೆದರು. ಜೇವರ್ಗಿಯ ಆ ಗುಪ್ಪೆಗಳು ಅಗೆದ ಮೇಲೆ ಮತ್ತೆ ಮೊದಲಿನಂತಾಗಲು ಸಾಧ್ಯವಿಲ್ಲ. ಆದರೆ ಅವುಗಳ ಒಳಗು ಕಾಗದದ ಮೇಲೆ ಉಳಿಯಿತು.

ಬ್ರಹ್ಮಗಿರಿಯ ಲೆಕ್ಕ

ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬಂದರು. ಅವರಿಗಿಂತ ಮೊದಲೇ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ನಡೆಸಿದ್ದರು. ಅಶೋಕನ ಶಾಸನವಿರುವ ಈ ಬೆಟ್ಟದ ತಪ್ಪಲಿನಲ್ಲಿ ನೂರಾರು ಶಿಲಾವೃತ್ತಗಳಿವೆ. ಅವುಗಳಡಿಯ ಕಲ್ಲುಪೆಟ್ಟಿಗೆಗಳ ರಚನೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೋಡಬೇಕಾದದ್ದು. ಗುಂಡಿ ತೋಡಿ ತಳಕ್ಕೊಂದು ಚಪ್ಪಡಿ ಹಾಸಿ, ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿದ್ದಾರೆ. ಆದರೆ ಮೂಲೆಗಳು ನೇರ ಕೂಡುವುದಿಲ್ಲ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಮುಂದಕ್ಕೆ ಚಾಚಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒಳಕ್ಕೆ ಒತ್ತಿದಷ್ಟೂ ಒಂದು ಚಪ್ಪಡಿ ಇನ್ನೊಂದರ ಅಂಚಿಗೆ ಬಿಗಿಯಾಗಿ ಆನಿಕೊಳ್ಳುತ್ತದೆ, ಒಳಕ್ಕೆ ಬೀಳುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡು ಕಿಂಡಿ.

ಒಳಗೆ ಸಿಗುವ ಮಡಕೆಗಳೂ ಅಷ್ಟೇ ಜಾಣತನದವು. ಹೊರಗೆ ಕೆಂಪು, ಒಳಗೆ ಮತ್ತು ಬಾಯಂಚಿನಲ್ಲಿ ಕಪ್ಪು. ಬಣ್ಣ ಬಳಿದದ್ದಲ್ಲ. ಆವಿಗೆಯಲ್ಲಿ ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಹೊರಮೈಗೆ ಗಾಳಿ ತಾಗಿ ಮಣ್ಣಿನ ಕಬ್ಬಿಣದ ಅಂಶ ಆಮ್ಲಜನಕದೊಂದಿಗೆ ಕೂಡಿ ಕೆಂಪಾಗುತ್ತದೆ. ಒಳಮೈಗೆ ಗಾಳಿಯಿಲ್ಲ, ಹೊಗೆಯ ಇಂಗಾಲ ಹಿಡಿದು ಕಪ್ಪಾಗುತ್ತದೆ. ಹತ್ತನೆಯ ತರಗತಿಯ ಉತ್ಕರ್ಷಣ, ಅಪಕರ್ಷಣದ ಪಾಠ ಒಂದೇ ಗಡಿಗೆಯಲ್ಲಿ!

ಇಷ್ಟೆಲ್ಲ ಎಚ್ಚರದಿಂದ ಅಗೆದ ವೀಲರ್ ಒಂದು ವಿಷಯದಲ್ಲಿ ಮಾತ್ರ ಎಡವಿದರು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯ, ಪುದುಚೇರಿ ಬಳಿಯ ಅರಿಕಮೇಡಿನ ಪಾತ್ರೆಗಳು ಇವನ್ನು ಆಧಾರವಾಗಿಟ್ಟುಕೊಂಡು ಹಿಂದಕ್ಕೆ ಎಣಿಸುತ್ತಾ ಬ್ರಹ್ಮಗಿರಿಯ ಗೋರಿಗಳು ಕ್ರಿ.ಪೂ. 200ರ ಹೊತ್ತಿಗೆ ಆರಂಭವಾದವು ಎಂದರು. ಆಗ ಬೇರೆ ದಾರಿಯೇ ಇರಲಿಲ್ಲ. ಅಮೆರಿಕದ ವಿಲ್ಲರ್ಡ್ ಲಿಬ್ಬಿ ಇಂಗಾಲ-14ರ ವಿಧಾನವನ್ನು ರೂಪಿಸಿ ಪ್ರಕಟಿಸಿದ್ದು ಇದಾದ ಎರಡು ವರ್ಷಕ್ಕೆ, 1949ರಲ್ಲಿ. ಜೀವಿ ಸತ್ತ ಮೇಲೆ ಅದರೊಳಗಿನ ಇಂಗಾಲ-14 ಪ್ರತಿ 5730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. 2800 ವರ್ಷ ಹಳೆಯ ಇದ್ದಿಲಿನಲ್ಲಿ ನೂರಕ್ಕೆ 71ರಷ್ಟು ಉಳಿದಿರುತ್ತದೆ. ಮುಂದೆ 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ತುಂಗಭದ್ರಾ ದಡದ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣ ಸಿಕ್ಕ ಪದರದ ಇದ್ದಿಲು ಕ್ರಿ.ಪೂ. 1000ದ ಸುಮಾರಿನದೆಂದು ತಿಳಿಯಿತು. ಒಂದು ಹಿಡಿ ಇದ್ದಿಲು ದಕ್ಷಿಣ ಭಾರತದ ಕಬ್ಬಿಣಯುಗವನ್ನು ನೂರಾರು ವರ್ಷ ಹಿಂದಕ್ಕೆ ತಳ್ಳಿತು. ಉತ್ತರ ಕರ್ನಾಟಕದ ಕಲ್ಮನೆಗಳನ್ನು ಊರೂರು ಅಲೆದು ದಾಖಲಿಸಿದ ಧಾರವಾಡದ ಡಾ. ಅ. ಸುಂದರ ಅವರ ಗ್ರಂಥ 1975ರಲ್ಲಿ ಹೊರಬಂದ ಮೇಲೆ ಇವು ಎಲ್ಲೆಲ್ಲಿ, ಯಾವ ಯಾವ ಬಗೆಯವು ಎಂಬ ಚಿತ್ರ ಸ್ಪಷ್ಟವಾಯಿತು.

ವೀಲರ್ ಬ್ರಹ್ಮಗಿರಿಯಲ್ಲಿ ಅಗೆದದ್ದು ಹತ್ತೇ ಗೋರಿಗಳನ್ನು. ಉಳಿದವನ್ನು ಹಾಗೆಯೇ ಬಿಟ್ಟರು. ಇದು ಬಹಳ ಮುಖ್ಯವಾದ ಸಂಗತಿ. ಇಂದು ಹಲ್ಲಿನ ಸ್ಟ್ರಾನ್ಷಿಯಂ ಅಳೆದು ಆ ವ್ಯಕ್ತಿ ಬಾಲ್ಯ ಕಳೆದದ್ದು ಅದೇ ಊರಿನಲ್ಲೋ ಬೇರೆಡೆಯೋ ಎಂದು ಹೇಳಬಹುದು. ಮಡಕೆಯ ಗೋಡೆಯಲ್ಲಿ ಹೀರಿಕೊಂಡ ಜಿಡ್ಡಿನಿಂದ ಅದರಲ್ಲಿ ಹಾಲಿತ್ತೋ ಮಾಂಸವಿತ್ತೋ ತಿಳಿಯಬಹುದು. ಕಿವಿಯ ಬಳಿಯ ಗಟ್ಟಿ ಎಲುಬಿನಿಂದ ಡಿ.ಎನ್.ಎ. ತೆಗೆಯಬಹುದು, ಹರಿಯಾಣದ ರಾಖಿಗಢಿಯ ಒಂದು ಅಸ್ಥಿಪಂಜರದಿಂದ ಹಾಗೆ ತೆಗೆದ ಮಾಹಿತಿ 2019ರಲ್ಲಿ ಪ್ರಕಟವಾಯಿತು. 1947ರಲ್ಲಿ ಇವು ಯಾವುವೂ ಯಾರ ಕನಸಿನಲ್ಲೂ ಇರಲಿಲ್ಲ. ಇನ್ನು ಐವತ್ತು ವರ್ಷಗಳಲ್ಲಿ ಏನೇನು ಬರುತ್ತದೋ! ಅದು ಬರುವಾಗ ಪರೀಕ್ಷಿಸಲು ಮುಟ್ಟದ ಗೋರಿಗಳು ಉಳಿದಿರಬೇಕು.

ನಿಧಿಯ ಹುಚ್ಚು

ಉಳಿಯುತ್ತವೆಯೆ ಎಂಬುದೇ ಪ್ರಶ್ನೆ. ಗೋರಿಗಳ ಮೊದಲ ಶತ್ರು ನಿಧಿಯ ಆಸೆ. ಅಂಜನ ಹಾಕಿಸಿ, ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು, ಹಾರೆ ಪಿಕಾಸಿ ಹಿಡಿದು ಹೊರಡುವವರು ಇಂದೂ ಇದ್ದಾರೆ. ಹಳೆಯ ಕಲ್ಲಿನ ಕೆಳಗೆ ಹೊನ್ನಿನ ಕೊಪ್ಪರಿಗೆ ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ. ಆದರೆ ಇವು ರಾಜರ ಖಜಾನೆಗಳಲ್ಲ. ನಾಣ್ಯಗಳು ನಮ್ಮಲ್ಲಿ ಚಲಾವಣೆಗೆ ಬರುವ ಮೊದಲೇ ಇವುಗಳಲ್ಲಿ ಹೆಚ್ಚಿನವನ್ನು ಕಟ್ಟಿಯಾಗಿತ್ತು. ಒಳಗೆ ಸಾಮಾನ್ಯವಾಗಿ ಸಿಗುವುದು ಮಡಕೆ, ತುಕ್ಕು ಹಿಡಿದ ಕಬ್ಬಿಣದ ಬಾಣದ ಮೊನೆ, ಕತ್ತಿ, ಒಂದಿಷ್ಟು ಮಣಿ, ಎಲುಬು. ನಿಧಿಗಳ್ಳ ಮಡಕೆ ಒಡೆದು, ಎಲುಬು ಚೆಲ್ಲಿ, ಬರಿಗೈಯಲ್ಲಿ ಹೋಗುತ್ತಾನೆ. ಅವನಿಗೆ ನಷ್ಟ ಒಂದು ರಾತ್ರಿಯ ನಿದ್ದೆ. ಆ ಗೋರಿಯ ಮಟ್ಟಿಗೆ ಎಲ್ಲವೂ ಮುಗಿದಂತೆ. ಪದರಗಳು ಕಲಸಿಹೋದ ಮೇಲೆ ಇದ್ದಿಲು ಸಿಕ್ಕರೂ ಅದು ಗೋರಿಯ ಕಾಲದ್ದೋ, ಕಳ್ಳ ಸೇದಿ ಬಿಸಾಡಿದ ಬೀಡಿಯದೋ ಎಂದು ಹೇಳುವುದು ಕಷ್ಟ. ಗ್ರಾನೈಟ್ ಕಲ್ಲಿಗೆ ಇಂಗಾಲ-14 ಪರೀಕ್ಷೆ ಮಾಡಲು ಬರುವುದಿಲ್ಲ, ಅದರಲ್ಲಿ ಜೀವಿಯ ಇಂಗಾಲವೇ ಇಲ್ಲ. ಕಲ್ಮನೆ ಎಷ್ಟು ಗಟ್ಟಿಯಾಗಿ ನಿಂತಿದ್ದರೂ ಅದರ ವಯಸ್ಸು ಅಡಗಿರುವುದು ತಳದ ಆ ಒಂದು ಗೇಣು ಮಣ್ಣಿನಲ್ಲಿ.

ಎರಡನೆಯದು ಕಲ್ಲಿನ ವ್ಯಾಪಾರ. ಒಪ್ಪವಾಗಿ ಸೀಳಿಟ್ಟ ಚಪ್ಪಡಿ ಎದುರಿಗಿರುವಾಗ ಹೊಸದಾಗಿ ಬಂಡೆ ಸೀಳುವ ಕಷ್ಟ ಯಾರಿಗೆ ಬೇಕು? ಹಿಂದಿನಿಂದಲೂ ಇಂಥ ಚಪ್ಪಡಿಗಳು ದನದ ಕೊಟ್ಟಿಗೆಗೆ, ಬಾವಿಯ ಕಟ್ಟೆಗೆ, ಹಳ್ಳದ ಅಡ್ಡಕಲ್ಲಿಗೆ ಹೋಗಿವೆ. ಕೈಯಿಂದ ಹೊರುತ್ತಿದ್ದ ಕಾಲದಲ್ಲಿ ಹೋಗುತ್ತಿದ್ದುದು ಒಂದೊಂದೇ ಕಲ್ಲು. ಈಗ ಜೆಸಿಬಿ ಬಂದರೆ ಒಂದು ಶಿಲಾವೃತ್ತ ನೆಲಸಮವಾಗಲು ಅರ್ಧ ಗಂಟೆ ಸಾಕು. ಬೆಟ್ಟಗಳಲ್ಲಿ ಕಲ್ಲು ಗಣಿಗಾರಿಕೆ ನಡೆದರೆ ಗೋರಿಯ ಜೊತೆಗೆ ಬೆಟ್ಟವೇ ಹೋಗುತ್ತದೆ.

ಇಲ್ಲಿ ರೈತನನ್ನು ಮಾತ್ರ ದೂರುವುದು ನ್ಯಾಯವಲ್ಲ. ಎರಡು ಎಕರೆ ಹೊಲದ ನಡುವೆ ಮೂರು ಕಲ್ಗುಪ್ಪೆಗಳಿದ್ದರೆ ನೇಗಿಲು ಸುತ್ತಿ ಹೋಗಬೇಕು, ಟ್ರ್ಯಾಕ್ಟರ್ ತಿರುಗುವುದಿಲ್ಲ. ಅದು ಗೋರಿ ಎಂದು ಅವನಿಗೆ ಯಾರೂ ಹೇಳಿಲ್ಲ. ಹೇಳಿದರೂ ಅದನ್ನು ಉಳಿಸಿಕೊಂಡದ್ದಕ್ಕೆ ಅವನಿಗೆ ಒಂದು ಶಹಬ್ಬಾಸ್ ಕೂಡ ಸಿಗುವುದಿಲ್ಲ. ವಿಚಿತ್ರವೆಂದರೆ ತಲೆತಲಾಂತರ ಇವುಗಳನ್ನು ಕಾಪಾಡಿದ್ದೂ ಅದೇ ಹಳ್ಳಿಯ ಜನ. ಮೊರೇರ ಮನೆಯ ಕಲ್ಲು ಕಿತ್ತರೆ ಕೇಡಾಗುತ್ತದೆ ಎಂಬ ಅಂಜಿಕೆ ಒಂದು ಕಾಲದಲ್ಲಿ ಯಾವ ಕಾವಲುಗಾರನಿಗಿಂತ ಕಡಿಮೆ ಇರಲಿಲ್ಲ. ಓದು ಬಂದಂತೆ ಅಂಜಿಕೆ ಹೋಯಿತು. ಅದರ ಜಾಗಕ್ಕೆ ಬರಬೇಕಾಗಿದ್ದ ಅರಿವು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಮೂರನೆಯ ಶತ್ರು ನಮ್ಮ ನಡುವಿನವನೇ. ಬೆಟ್ಟ ಹತ್ತಿದ ಖುಷಿಗೆ ಮೇಲುಚಪ್ಪಡಿಯ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವವನು, ಕಲ್ಲಿನ ಮೇಲೆ ಹೃದಯದ ಚಿತ್ರ ಬರೆದು ಎರಡು ಹೆಸರು ಕೆತ್ತುವವನು. ಎರಡೂವರೆ ಸಾವಿರ ವರ್ಷ ಗಾಳಿಮಳೆಗೆ ಅಲುಗದೆ ನಿಂತ ಚಪ್ಪಡಿಗೆ ಕೆಳಗೆ ಆಧಾರ ಇರುವುದು ಎರಡು ಮೂರು ಅಂಚುಗಳಲ್ಲಿ ಮಾತ್ರ. ನಾಲ್ವರು ಒಮ್ಮೆಲೇ ಒಂದು ಬದಿಗೆ ಕುಳಿತರೆ ಏನಾದೀತು ಎಂಬುದಕ್ಕೆ ತಕ್ಕಡಿ ನೋಡಿದವರಿಗೆಲ್ಲ ಉತ್ತರ ಗೊತ್ತು.

ಕಾನೂನು ಏನು ಹೇಳುತ್ತದೆ?

ಕಾನೂನಿಗೆ ಕೊರತೆ ಇಲ್ಲ. ಲಾರ್ಡ್ ಕರ್ಜನ್ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಮೊದಲ ಸಮಗ್ರ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರದ 1958ರ ಕೇಂದ್ರ ಕಾಯ್ದೆ ಇಂದು ಜಾರಿಯಲ್ಲಿದೆ. ಕರ್ನಾಟಕಕ್ಕೆ 1961ರ ತನ್ನದೇ ಕಾಯ್ದೆ ಇದೆ. ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ, ಗಣಿಗಾರಿಕೆ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. 2010ರ ತಿದ್ದುಪಡಿಯಂತೆ ಸ್ಮಾರಕವನ್ನು ಹಾಳುಗೆಡವಿದವರಿಗೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕದ ಕಾಯ್ದೆ ಹೇಳುತ್ತದೆ, ಮುಚ್ಚಿಟ್ಟುಕೊಳ್ಳುವುದು ಅಪರಾಧ. ಇವೆಲ್ಲದರ ಮೇಲೆ ಸಂವಿಧಾನದ 51ಎ ವಿಧಿಯಿದೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಇದು.

ತೊಡಕಿರುವುದು ಬೇರೆಡೆ. ಕಾಯ್ದೆ ಕಾಯುವುದು ಪಟ್ಟಿಯಲ್ಲಿ ಹೆಸರಿರುವ ಸ್ಮಾರಕಗಳನ್ನು. ಇಡೀ ದೇಶದಲ್ಲಿ ಕೇಂದ್ರ ರಕ್ಷಿತ ಸ್ಮಾರಕಗಳು ಸುಮಾರು 3,700. ಹಿರೇಬೆಣಕಲ್ ಆ ಪಟ್ಟಿಯಲ್ಲಿದೆ. ಆದರೆ ಹೊಲಗಳಲ್ಲಿ, ಗೋಮಾಳಗಳಲ್ಲಿ, ಕುರುಚಲು ಕಾಡಿನಲ್ಲಿ ಬಿದ್ದಿರುವ ಅದೆಷ್ಟೋ ಕಲ್ಗುಪ್ಪೆಗಳಿಗೆ ಸರ್ವೆ ನಂಬರು ಬಿಟ್ಟರೆ ಬೇರೆ ಗುರುತಿಲ್ಲ. ದೇವಸ್ಥಾನವಾದರೆ ಗೋಪುರ ಇರುತ್ತದೆ, ಶಾಸನ ಇರುತ್ತದೆ, ಪೂಜೆ ಮಾಡುವವರಿರುತ್ತಾರೆ. ಕಲ್ಗುಪ್ಪೆಗೆ ಯಾರಿದ್ದಾರೆ? ಅದರೊಳಗಿನವರ ಹೆಸರಿಲ್ಲ, ಭಾಷೆ ಗೊತ್ತಿಲ್ಲ, ವಂಶದವರು ನಾವೇ ಆಗಿದ್ದರೂ ಅದು ನಮಗೆ ತಿಳಿಯುವಂತಿಲ್ಲ.

ಹಿರೇಬೆಣಕಲ್ಲಿಗೆ ಸ್ವಲ್ಪ ಅದೃಷ್ಟ ಒಲಿದಿದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಭಾರತದಿಂದ ಸೇರಿದ ಆರು ತಾಣಗಳಲ್ಲಿ ಇದೂ ಒಂದು. ಅದೇ ವರ್ಷ ಪಟ್ಟಿ ಸೇರಿದ ಮರಾಠರ ಕೋಟೆಗಳು 2025ರಲ್ಲಿ ವಿಶ್ವ ಪರಂಪರೆಯ ಅಂತಿಮ ಪಟ್ಟಿಗೂ ಏರಿದವು. ಮೊರೇರ ಬೆಟ್ಟದ ಸರದಿ ಬರಬೇಕಾದರೆ ಅಲ್ಲಿರುವುದು ಅಲ್ಲಿರುವಂತೆಯೇ ಉಳಿದಿರಬೇಕು. ಪಟ್ಟಿ ಸೇರಿದೊಡನೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 1986ರಲ್ಲಿ ಪಟ್ಟಿ ಸೇರಿದ ಹಂಪಿ, ಸೇತುವೆಯ ವಿವಾದದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಸಾಲಿಗೆ ಸೇರಿ 2006ರವರೆಗೆ ಅಲ್ಲೇ ಇತ್ತು.

ಊರ ಪಕ್ಕದಲ್ಲೇ ಇರಬಹುದು

ಶಾಲಾ ಪ್ರವಾಸದ ಬಸ್ಸುಗಳು ಹಂಪಿಗೆ ಬರುತ್ತವೆ, ತುಂಗಭದ್ರಾ ಅಣೆಕಟ್ಟು ನೋಡುತ್ತವೆ, ತಿರುಗಿ ಹೋಗುತ್ತವೆ. ಒಂದು ದಿನ ಹೆಚ್ಚು ಸಿಕ್ಕರೆ ಹಿರೇಬೆಣಕಲ್ಲಿಗೂ ಹೋಗಬಹುದು. ಅಷ್ಟು ದೂರ ಸಾಧ್ಯವಿಲ್ಲದವರು ತಮ್ಮ ಊರಿನ ಸುತ್ತಲೇ ಕಣ್ಣು ಹಾಯಿಸಬೇಕು. ಬಂಡೆಯ ಗುಡ್ಡದ ತಪ್ಪಲು, ಕೆರೆಯ ಹಿಂಬದಿಯ ಬೀಳು, ಗೋಮಾಳ ಇಂಥ ಕಡೆ ದೊಡ್ಡ ಗುಂಡುಗಳು ದುಂಡಗೆ ಕೂತಿದ್ದರೆ, ನಡುವೆ ಕಲ್ಲುಗಳು ತುಸು ಉಬ್ಬಿಕೊಂಡಿದ್ದರೆ, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆಚೂರು ಬಿದ್ದಿದ್ದರೆ ಅದು ಬರೀ ಕಲ್ಲುರಾಶಿ ಆಗಿರಲಾರದು. ಊರಿನ ಹಿರಿಯರನ್ನು ಕೇಳಬೇಕು. ಮೊರೇರ ಮನೆ, ಪಾಂಡವರ ಗುಡಿ ಎಂಬ ಹೆಸರು ಬಂದರೆ ಅನುಮಾನವೇ ಬೇಡ.

ಕಂಡದ್ದನ್ನು ಅಗೆಯಬಾರದು. ಮಡಕೆಚೂರನ್ನು ಶಾಲೆಯ ವಸ್ತುಪ್ರದರ್ಶನಕ್ಕೆಂದೂ ತರಬಾರದು. ಎಲ್ಲಿ ಬಿದ್ದಿತ್ತು ಎಂಬುದು ಗೊತ್ತಿಲ್ಲದ ಚೂರಿನಿಂದ ತಿಳಿಯುವುದು ಬಹಳ ಕಡಿಮೆ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ವೃತ್ತದ ಅಡ್ಡಳತೆ ಅಳೆದು, ಕಲ್ಲುಗಳನ್ನು ಎಣಿಸಿ, ಕಿಂಡಿ ಇದ್ದರೆ ಅದು ಯಾವ ದಿಕ್ಕಿಗೆ ಎಂದು ದಿಕ್ಸೂಚಿಯಿಂದ ನೋಡಿ, ನೋಟ್‌ಬುಕ್ಕಿನಲ್ಲಿ ಸ್ಥಳದ ನಕ್ಷೆ ಬರೆಯಬೇಕು. ಅದರ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಇನ್ನೊಂದನ್ನು ರಾಜ್ಯ ಪುರಾತತ್ವ ಇಲಾಖೆಗೆ ಕಳುಹಿಸಬಹುದು. ಒಂದು ತರಗತಿಯ ಮಕ್ಕಳು ಒಂದು ಭಾನುವಾರ ಮಾಡಿ ಮುಗಿಸಬಹುದಾದ ಕೆಲಸ ಇದು. ಟೇಲರ್ ಸಾಹೇಬನ ಕೈಯಲ್ಲಿಯೂ ಇದಕ್ಕಿಂತ ಹೆಚ್ಚಿನ ಉಪಕರಣಗಳೇನೂ ಇರಲಿಲ್ಲ.

ಹಿರೇಬೆಣಕಲ್ಲಿಗೆ ಹೋಗುವವರಿಗೆ ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಅನುಕೂಲ. ಬೇಸಿಗೆಯಲ್ಲಿ ಬಂಡೆ ಕಾದು ಹೆಂಚಾಗುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಕುಡಿಯುವ ನೀರು, ತಿಂಡಿ ಜೊತೆಗೇ ಒಯ್ಯಬೇಕು. ದಾರಿ ಗೊತ್ತಿರುವ ಊರಿನವರೊಬ್ಬರನ್ನು ಕರೆದುಕೊಂಡರೆ ಒಳ್ಳೆಯದು, ಮೊರೇರ ಕತೆಯನ್ನು ಅವರ ಬಾಯಿಂದಲೇ ಕೇಳಬಹುದು. ನಗಾರಿ ಗುಂಡನ್ನು ಕಂಡ ಕೂಡಲೇ ಕಲ್ಲು ತೆಗೆದುಕೊಂಡು ಕುಟ್ಟಲು ಹೋಗಬಾರದು. ಬೆಳಗ್ಗೆ ಬೇಗ ಹತ್ತಿ, ಬೆಳಕಿರುವಾಗಲೇ ಇಳಿದುಬಿಡಬೇಕು.